ದಾನಮ್ಮನ ಎರಡು ಷರತ್ತು

ಸಾಯಗಾಂವದ ದಾನಮ್ಮ ರಾಜಕೀಯಕ್ಕೆ ಬಂದದ್ದು ದನಕರು ನೀರು ಕುಡಿಯುವ ಒಂದು ತೊಟ್ಟಿಯ ಸಲುವಾಗಿ. ಬೋರ್‌ವೆಲ್ ಪಕ್ಕದ ಆ ತೊಟ್ಟಿ ಒಡೆದು ಎರಡು ಬೇಸಿಗೆ ಕಳೆದಿದ್ದವು. ಗ್ರಾಮಸಭೆಯಲ್ಲಿ ಅವಳು ಎದ್ದು ನಿಂತು ಅದನ್ನು ಕೇಳಿದಾಗ, ಮುಂದೆ ಕುಳಿತಿದ್ದ ಹಿರಿಯರೊಬ್ಬರು, “ಯವ್ವಾ, ನಿನ್ನ ಗಂಡಗ ಕಳಸು, ಮಾತಾಡೋಣು,” ಎಂದರು.

“ನನ್ನ ಗಂಡ ಕುರಿ ಹಿಂದ ಹೋಗ್ಯಾನ್ರಿ. ಬರೋದು ಮಳಿಗಾಲಕ್ಕ. ಅಲ್ಲಿತನಕ ನೀರಡಕಿ ತಡ್ಕೊಳ್ರಿ ಅಂತ ದನಗಳಿಗಿ ನೀವೇ ಒಂದ್ ಮಾತು ಹೇಳ್ರಿ,” ಎಂದಳು ದಾನಮ್ಮ.

ಸಭೆಯೆಲ್ಲ ನಕ್ಕಿತು. ಹಿರಿಯರೂ ನಕ್ಕರು. ತೊಟ್ಟಿ ಮಾರನೆಯ ತಿಂಗಳೇ ರಿಪೇರಿಯಾಯಿತು. ಮುಂದಿನ ಪಂಚಾಯತಿ ಚುನಾವಣೆಯಲ್ಲಿ ಹೆಂಗಸರಿಗೆ ಮೀಸಲಾದ ವಾರ್ಡಿಗೆ ಯಾರನ್ನು ನಿಲ್ಲಿಸುವುದು ಎಂಬ ಮಾತು ಬಂದಾಗ ಊರವರು ಬಹಳ ಹುಡುಕಲಿಲ್ಲ.

ಐದು ವರ್ಷ ಅಲ್ಲಿ ಪಳಗಿದ ಮೇಲೆ ಜಿಲ್ಲಾ ಪಂಚಾಯತಿಯ ಕ್ಷೇತ್ರವೂ ಮಹಿಳೆಗೇ ಬಂತು. ದಾನಮ್ಮ ಎರಡೂ ಪಕ್ಷದವರ ಮನೆಗೆ ಹೋಗಿ ಟಿಕೆಟ್ ಕೇಳಿದಳು. ಇಬ್ಬರೂ ಚಹಾ ಕೊಟ್ಟರು, ಟಿಕೆಟ್ ಕೊಡಲಿಲ್ಲ. ಪಕ್ಷೇತರಳಾಗಿ ನಿಲ್ಲುತ್ತೇನೆ ಎಂದು ಗಂಡನಿಗೆ ಹೇಳಿದಾಗ ಶಿವರಾಜಪ್ಪ ಉಣ್ಣುತ್ತಿದ್ದ ರೊಟ್ಟಿ ಮುಗಿಸಿ, ಕೈ ತೊಳೆದು, ಆಮೇಲೆ ಬಾಯಿ ತೆರೆದ. “ನಿಲ್ಲು. ಆದ್ರ ನನಗ ಭಾಷಣ ಮಾಡು ಅಂತ ಮಾತ್ರ ಅನಬ್ಯಾಡ.”

ಅವಳಿಗೆ ಸಿಕ್ಕ ಚಿಹ್ನೆ ಸೀಟಿ. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಕುರಿ ಹಿಂಡಿನ ಹಿಂದೆ ವರ್ಷಗಟ್ಟಲೆ ನಡೆದವಳು ಅವಳು. ಎರಡು ಬೆರಳು ಬಾಯಲ್ಲಿಟ್ಟು ಊದಿದರೆ ಮೂರು ಹೊಲದಾಚೆಯ ನಾಯಿಯೂ ತಿರುಗಿ ನೋಡುತ್ತಿತ್ತು. ಮೈಕು, ಜೀಪು ಏನೂ ಇರಲಿಲ್ಲ. ಊರ ಅಗಸಿ ಬಾಗಿಲಲ್ಲಿ ನಿಂತು ಸೀಟಿ ಹೊಡೆಯುತ್ತಿದ್ದಳು, ಜನ ಏನಾಯಿತೆಂದು ಓಡಿ ಬರುತ್ತಿದ್ದರು. “ಏನೂ ಆಗಿಲ್ರಿ, ನಾ ದಾನಮ್ಮ. ಓಟು ಕೇಳ್ಲಾಕ ಬಂದೀನಿ,” ಎನ್ನುತ್ತಿದ್ದಳು. ಗೆದ್ದಳು.

ಫಲಿತಾಂಶ ಬಂದ ದಿನ ಇನ್ನೊಂದು ಸುದ್ದಿಯೂ ಬಂತು. ಜಿಲ್ಲಾ ಪಂಚಾಯತಿಯಲ್ಲಿ ಎರಡೂ ಪಕ್ಷಗಳಿಗೆ ಸರಿಸಮ ಸ್ಥಾನ. ಉಳಿದವರು ಇಬ್ಬರೇ ಪಕ್ಷೇತರರು. ಒಬ್ಬಳು ದಾನಮ್ಮ. ಇನ್ನೊಬ್ಬಳು ಔರಾದ ಕಡೆಯ ವಜೀರಬೀ, ಮೊಮ್ಮಕ್ಕಳನ್ನು ಕಂಡ ಹೆಂಗಸು. ಊರೂರಲ್ಲಿ ತಾನು ಹೆರಿಗೆ ಮಾಡಿಸಿದ ಮನೆಗಳ ಓಟುಗಳಿಂದಲೇ ಗೆದ್ದು ಬಂದವಳು. ಅಧ್ಯಕ್ಷ ಸ್ಥಾನ ಆ ಸಲ ಮಹಿಳೆಗೆ ಮೀಸಲು. ಈ ಇಬ್ಬರು ಯಾರ ಕಡೆ ವಾಲುತ್ತಾರೋ ಅಧಿಕಾರ ಅವರದು.

ಮೊದಲು ಬಂದವರು ದತ್ತಾತ್ರಿ ಸಾವಕಾರರು. ಭಾಲ್ಕಿಯಲ್ಲಿ ತೊಗರಿ ಖರೀದಿಯ ಅಂಗಡಿ, ಔರಾದ ರಸ್ತೆಯಲ್ಲಿ ತೋಟದ ಮನೆ, ಎರಡೂ ಇದ್ದವರು. ಒಂದು ಪಕ್ಷದ ಸೂತ್ರ ಅವರ ಕೈಯಲ್ಲಿತ್ತು. ತಮ್ಮನ ಹೆಂಡತಿ ಆರತಿಯನ್ನು ಅಧ್ಯಕ್ಷೆ ಮಾಡಬೇಕೆಂದು ಅವರ ಲೆಕ್ಕ.

“ಅಕ್ಕೋರೆ, ನಮ್ಮ ತೋಟದಾಗ ನಾಕ್ ದಿನ ಆರಾಮ ಇರ್ರಿ. ಎಲ್ಲಾ ಮೆಂಬರ್ರು ಬರ್ಲತಾರ. ಊಟ, ಹವಾ, ಎಲ್ಲಾ ಬರಾಬರ ಅದ. ಎಲೆಕ್ಷನ್ ದಿನ ಅಲ್ಲಿಂದೇ ಸೀದಾ ಬೀದರಕ್ಕ ಹೋಗೋಣು.”

ದಾನಮ್ಮನಿಗೆ ಮದುವೆಯಾದಾಗಿನಿಂದ ನಾಲ್ಕು ದಿನ ಆರಾಮ ಎಂಬುದು ಸಿಕ್ಕಿರಲಿಲ್ಲ. ಹೋದರೆ ಏನು ತಪ್ಪು ಎಂದು ಹೊರಟಳು.

ತೋಟದ ಮನೆಯ ಬಾಗಿಲಲ್ಲಿ ಒಬ್ಬ ಆಳು ರೊಟ್ಟಿಬುಟ್ಟಿ ಹಿಡಿದು ನಿಂತಿದ್ದ. ಬಂದವರೆಲ್ಲ ತಮ್ಮ ಫೋನುಗಳನ್ನು ಅದರಲ್ಲಿ ಹಾಕಬೇಕು. “ಇಲ್ಲಿ ಯಾರೂ ಯಾರಿಗೂ ಫೋನ್ ಮಾಡಂಗಿಲ್ರಿ, ಸಾವಕಾರ್ರು ಹೇಳ್ಯಾರ,” ಎಂದ. ವಜೀರಬೀ ತನ್ನ ಹಳೆಯ ಫೋನು ಹಾಕುತ್ತ, “ಜರಾ ಸಂಭಾಳಿಸೋ ಬೇಟಾ, ಅದರ ಹಿಂದಿನ ಮುಚ್ಚಳ ದಾರದಿಂದ ಕಟ್ಟೀನಿ,” ಎಂದಳು.

ಹೆಂಗಸರಿಗೆಲ್ಲ ಒಂದೇ ದೊಡ್ಡ ಕೋಣೆ. ಮೊದಲ ದಿನ ಎಲ್ಲರಿಗೂ ಹಬ್ಬ. ಅಡುಗೆ ಬೇರೆಯವರು ಮಾಡುತ್ತಿದ್ದರು, ಬಡಿಸುವವರೂ ಬೇರೆಯವರು. ಉಂಡ ಎಲೆ ಎತ್ತಲು ಬಗ್ಗಿದ ದಾನಮ್ಮನನ್ನು ವಜೀರಬೀ ಕೈಹಿಡಿದು ಕೂರಿಸಿದಳು. “ಕೂಡು. ಈ ಸುಖ ಮತ್ತ ಬರಲ್ಲ.”

ಎರಡನೆಯ ದಿನ ಮಧ್ಯಾಹ್ನ ದಾನಮ್ಮ ಕಂಡದ್ದು ಬೇರೆ ವಿಷಯ. ಅಧ್ಯಕ್ಷೆಯಾಗಬೇಕಾದ ಆರತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೊದಿಕೆಯೊಳಗೆ ಏನೋ ಓದುತ್ತಿದ್ದಳು.

“ಏನ್ ತಂಗಿ ಅದು?”

ಆರತಿ ಗಾಬರಿಯಾಗಿ ಪುಸ್ತಕ ಮುಚ್ಚಿದಳು. “ಬಿ.ಎಡ್. ಪರೀಕ್ಷಿ ಅದರಿ ಅಕ್ಕಾ. ಮುಂದಿನ ತಿಂಗಳ. ಮನ್ಯಾಗ ಎಲ್ಲಾರು, ಅಧ್ಯಕ್ಷಿ ಆಗಾಕಿಗಿ ಪರೀಕ್ಷಿ ಯಾಕ ಬೇಕು ಅಂತಾರ.”

“ನಿನಗ ಅಧ್ಯಕ್ಷಿ ಆಗೋದು ಬೇಕಾಗಿಲ್ಲೇನು?”

“ನನಗ ಸಾಲಿ ಕಲಸೋದು ಬೇಕ್ರಿ. ಚುನಾವಣಿಗಿ ಸೈತ ನಿಲ್ಲಂತ ಅಂದ್ರು, ನಿಂತೆ. ಕುರ್ಚಿ ಮ್ಯಾಲ ನಾ ಕುಂತ್ರೂ ಮಾತಾಡೋರು ಅವ್ರೇ ಇರ್ತಾರ,” ಎಂದಳು ಆರತಿ, ಬಾಗಿಲ ಕಡೆ ನೋಡುತ್ತ.

ಸಂಜೆ ದತ್ತಾತ್ರಿ ಸಾವಕಾರರು ಎಲ್ಲರ ಯೋಗಕ್ಷೇಮ ವಿಚಾರಿಸಲು ಬಂದಾಗ ದಾನಮ್ಮ ಎದ್ದು ಹೋದಳು. ತನಗೆ ಎರಡು ಮಾತಿಗೆ ಉತ್ತರ ಬೇಕು ಎಂದಳು.

“ಕೇಳ್ರಿ ಅಕ್ಕೋರೆ. ನಿಮ್ಮ ಊರಿಗಿ ರೋಡ್? ನಿಮ್ಮ ಮನಿಯವ್ರಿಗಿ ಏನರೆ ಕೆಲಸ?”

“ಅಲ್ರಿ. ಕುರಿ ಹಿಂದ ಹೋಗೋರ ಮಕ್ಕಳು ಸಾಲಿ ಬಿಡ್ತಾವ. ನನ್ನ ಮಗಳು ಸೈತ ಮೂರನೇತಕ್ಕ ಬಿಟ್ಟಳು. ಅಂಥ ಮಕ್ಕಳಿಗಿ ಇರ್ಲಾಕ ಭಾಲ್ಕಿದಾಗ ಒಂದು ಹಾಸ್ಟೆಲ್ ಆಗಬೇಕು. ಇನ್ನೊಂದು, ಮೀಟಿಂಗ್ ಹಾಲಿನಾಗ ಮೆಂಬರ್ರು ಮಾತ್ರ ಕೂಡಬೇಕು. ನಮ್ಮ ಗಂಡಂದಿರು, ಮೈದುನರು, ಭಾವಂದಿರು ಹೊರಗ ಕೂಡಬೇಕು.”

ದತ್ತಾತ್ರಿ ಸಾವಕಾರರು ಮನಸಾರೆ ನಕ್ಕರು. ಕೆಟ್ಟ ನಗುವಲ್ಲ, ಮನೆಯ ಮಗು ಚಂದ್ರನನ್ನು ಕೇಳಿದಾಗ ನಗುವ ಹಾಗೆ. “ಅದೆಲ್ಲ ಆಮ್ಯಾಲ ನೋಡೋಣು ಬಿಡ್ರಿ. ನೀವು ಫಿಕರ್ ಮಾಡಬ್ಯಾಡ್ರಿ. ಎಲೆಕ್ಷನ್ ದಿನ ನಾ ನಿಮ್ಮ ಕಡಿ ನೋಡ್ತೇನಿ, ನೀವು ಕೈ ಎತ್ರಿ. ಅಷ್ಟೇ ಕೆಲಸ.”

ದಾನಮ್ಮ ಕೋಣೆಗೆ ಬಂದು ವಜೀರಬೀಯ ಪಕ್ಕ ಕುಳಿತಳು.

“ಆಪಾ, ಇಬ್ಬರು ಅದೀವಿ. ಎರಡೂ ಕಡಿಯವ್ರು ಸಮ ಅದಾರ. ಅಂದ್ಮ್ಯಾಲ ಅವ್ರಿಗಿ ನಾವ್ಯಾಕ ಕೈ ಎತ್ತಬೇಕು? ನಮಗ ಅವ್ರು ಎತ್ತಿದ್ರ ಆಗಲ್ಲೇನು?”

ವಜೀರಬೀ ಬಾಯಲ್ಲಿದ್ದ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಮಾತು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವಳ ಮುಖವೆಲ್ಲ ಅರಳಿತು. “ಯಾ ಅಲ್ಲಾ! ಇದು ಯಾಕ ಹೊಳೀಲಿಲ್ಲ ನನಗ? ನೀ ಅಧ್ಯಕ್ಷಿ, ನಾ ಉಪಾಧ್ಯಕ್ಷಿ. ಮಾತಾಡೋದು ನೀ ಮಾತಾಡು, ಬೈಯೋದಿದ್ರ ನಾ ಬೈತೀನಿ.”

ಆದರೆ ಇನ್ನೊಂದು ಪಕ್ಷದ ಮುಖಂಡ ದಿಲೀಪರಾವರಿಗೆ ಈ ವಿಷಯ ಮುಟ್ಟಿಸುವುದು ಹೇಗೆ? ಫೋನುಗಳೆಲ್ಲ ಬೀರುವಿನಲ್ಲಿದ್ದವು.

ಮರುದಿನ ಬೆಳಗ್ಗೆ ಹಲ್ಲುಜ್ಜುತ್ತ ಅಂಗಳದಲ್ಲಿ ನಿಂತಿದ್ದ ದಾನಮ್ಮನಿಗೆ ಪಕ್ಕದ ಹೊಲದಿಂದ ಕುರಿಗಳ ಕೂಗು ಕೇಳಿತು. ತೊಗರಿ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತಂದು ಕೂಡಿಸುವ ಕಾಲ ಅದು. ಹಿಂಡು ಹೊಡೆಯುವವನ “ಹ್ರೋ ಹ್ರೋ” ಎಂಬ ದನಿ ಕೇಳಿ ಅವಳು ಹಲ್ಲುಪುಡಿ ಉಗುಳಿ ಕಿವಿಗೊಟ್ಟಳು. ಅನುಮಾನವೇ ಇರಲಿಲ್ಲ. ಅವನು ಅವಳ ಮೈದುನ ಮಚ್ಛೇಂದ್ರ.

ಕಾವಲಿನವನಿಗೆ, “ನಮ್ಮ ಕುರಿ ಬಂದಾವ, ಜರಾ ನೋಡಿ ಬರ್ತೇನಿ,” ಎಂದಳು. ಫೋನಿನ ಬಗ್ಗೆ ಎಚ್ಚರಿಕೆ ಕೊಟ್ಟಿದ್ದ ಸಾವಕಾರರು ಕುರಿಗಳ ಬಗ್ಗೆ ಏನೂ ಹೇಳಿರಲಿಲ್ಲ. ಅವನು ಗೇಟು ತೆರೆದ.

“ವೈನಿ! ನೀ ಇಲ್ಲ್ಯಾಂಗ?” ಎಂದು ಮಚ್ಛೇಂದ್ರ ಬೆರಗಾದ.

“ಆಮ್ಯಾಲ ಹೇಳ್ತೀನಿ. ನಿನ್ನ ಹಂತ್ಯಾಕ ಫೋನ್ ಅದೇನು? ದಿಲೀಪರಾವ್ರ ನಂಬರ್ ಸಿಗ್ತದೇನು?”

ಸಿಕ್ಕಿತು. ಹಿಂದಿನ ವರ್ಷ ದಿಲೀಪರಾವರು ಮಗಳ ಮದುವೆಗೆ ಇವನ ಹಿಂಡಿನಿಂದಲೇ ಟಗರು ಒಯ್ದಿದ್ದರು. ದಾನಮ್ಮ ಬೇವಿನ ಮರದ ಬುಡದಲ್ಲಿ ಕುಳಿತು ಫೋನು ಹಚ್ಚಿದಳು. ಸುತ್ತ ಕುರಿಗಳು, ಒಂದು ಮರಿ ಅವಳ ಸೀರೆಯ ಸೆರಗು ಅಗಿಯುತ್ತಿತ್ತು.

ಆ ಕಡೆಯಿಂದ ದಿಲೀಪರಾವರು, “ದಾನಮ್ಮ ಅಕ್ಕೋರೇನು? ಖರೇನಾ? ಹೈದ್ರಾಬಾದ್ ರಿಸಾರ್ಟಿಗಿ ಒಯ್ದಾರ ಅಂತ ಕೇಳಿದ್ದೆ. ಇದ್ಯಾವ ರಿಸಾರ್ಟ್‌ರಿ, ಕುರಿ ಒದರ್ಲತಾವ?” ಎಂದರು.

“ರಿಸಾರ್ಟಿನ ಮಾತು ಬಿಡ್ರಿ. ನಿಮ್ಮ ಕಡಿ ಮಂದಿ ನನಗ ಕೈ ಎತ್ತಿದ್ರ ನಾ ಅಧ್ಯಕ್ಷಿ, ವಜೀರಬೀ ಆಪಾ ಉಪಾಧ್ಯಕ್ಷಿ. ನಿಮಗ ಬೇಕಾದ್ದು ಅವ್ರು ಅಧಿಕಾರಕ್ಕ ಬರಬಾರದು ಅನ್ನೋದು. ಹೌದಿಲ್ಲೋ?”

ದಿಲೀಪರಾವರು ಮನಸ್ಸಿನಲ್ಲೇ ಮತ ಎಣಿಸಿದರು. ಅವರಿಗೆ ಬೇರೆ ದಾರಿ ಇರಲಿಲ್ಲ. “ನಿಮ್ಮ ಷರತ್ತೇನ್ರಿ?” ಎಂದು ತಗ್ಗಿದ ದನಿಯಲ್ಲಿ ಕೇಳಿದರು. ದೊಡ್ಡದೇನೋ ಬರುತ್ತದೆ ಎಂದು ಕಾಯುವವರ ದನಿ ಅದು.

ದಾನಮ್ಮ ಅವೇ ಎರಡು ಮಾತು ಹೇಳಿದಳು. ಹಾಸ್ಟೆಲ್ಲು. ಗಂಡಂದಿರು ಹೊರಗೆ.

“ಅಷ್ಟೇನಾ?”

“ಅಷ್ಟೇ. ಆದ್ರ ಎರಡನೇದಕ್ಕ ನಿಮ್ಮ ಕಡಿ ಗಂಡಸರಿಗಿ ಈಗೇ ತಯಾರ್ ಮಾಡ್ರಿ. ಭಾಳ ತ್ರಾಸ್ ಆಗ್ತದ ಅವ್ರಿಗಿ.”

ದಿಲೀಪರಾವರು ನಕ್ಕುಬಿಟ್ಟರು. “ಆಗ್ಲಿ ಅಕ್ಕೋರೆ. ಮಾತು ಕೊಟ್ಟೆ.”

ಚುನಾವಣೆಯ ದಿನ ಬಸ್ಸು ಬೀದರ ತಲುಪಿದಾಗ ನಾಮಪತ್ರ ಕೊಡುವ ಸಮಯ ಇನ್ನೂ ಇತ್ತು. ದತ್ತಾತ್ರಿ ಸಾವಕಾರರು ಆರತಿಯನ್ನು ಕರೆದುಕೊಂಡು ಹೋಗಿ ನಾಮಪತ್ರ ಕೊಡಿಸಿ ಬಂದರು. ಆಮೇಲೆ ತಮ್ಮವರನ್ನೆಲ್ಲ ಎಣಿಸಿದರು. ಇಬ್ಬರು ಕಡಿಮೆ. “ಪಕ್ಷೇತರ ಅಕ್ಕೋರು ಎಲ್ಲಿ?”

ಆರತಿ ನೆಲ ನೋಡುತ್ತ, “ಬಾತ್‌ರೂಮಿಗಿ ಹೋಗ್ಯಾರ್ರಿ ಭಾವಾ,” ಎಂದಳು.

ಇಬ್ಬರೂ ಬಂದರು. ಮುಖ ತೊಳೆದುಕೊಂಡ ಹಾಗೆ ಇತ್ತು, ಸಾವಕಾರರಿಗೆ ಸಮಾಧಾನವಾಯಿತು. ಎಲ್ಲರೂ ಸಭಾಂಗಣಕ್ಕೆ ನಡೆದರು. ಚುನಾವಣಾಧಿಕಾರಿ ಕನ್ನಡಕ ಸರಿಪಡಿಸಿಕೊಂಡು ಓದಿದರು: “ಅಧ್ಯಕ್ಷ ಸ್ಥಾನಕ್ಕೆ ಎರಡು ನಾಮಪತ್ರಗಳು ಬಂದಿವೆ. ಒಂದು, ಶ್ರೀಮತಿ ಆರತಿ. ಎರಡು, ಶ್ರೀಮತಿ ದಾನಮ್ಮ ಶಿವರಾಜಪ್ಪ.”

“ಯಾವ ದಾನಮ್ಮರಿ?” ಎಂದರು, ಸದಸ್ಯರಲ್ಲದಿದ್ದರೂ ವಾಡಿಕೆಯಂತೆ ಒಳಗೆ ಬಂದು ಕುಳಿತಿದ್ದ ದತ್ತಾತ್ರಿ ಸಾವಕಾರರು, ತಮಗರಿಯದೆಯೇ ಜೋರಾಗಿ.

“ನಾನೇರಿ,” ಎಂದಳು ಪಕ್ಕದ ಕುರ್ಚಿಯಲ್ಲಿದ್ದ ದಾನಮ್ಮ.

ದಾನಮ್ಮ ತನಗೆ ತಾನೇ ಕೈ ಎತ್ತಿದಳು. ಮೂರು ದಿನ ಸಾವಕಾರರ ಅನ್ನ ಉಂಡಿದ್ದೇನೆ ಎಂಬ ಅಳುಕು ಒಳಗೆ ಇತ್ತು. ಆದರೆ ಮಾತು ಮುಚ್ಚಿಟ್ಟವಳಲ್ಲ ಅವಳು. ಷರತ್ತು ಮೊದಲು ಹೇಳಿದ್ದು ಅವರಿಗೇ. ಎಡಗಡೆಯ ಸಾಲಿನಲ್ಲಿದ್ದ ದಿಲೀಪರಾವರ ಕಡೆಯವರ ಕೈಗಳೆಲ್ಲ ಮೇಲೆದ್ದವು, ವಜೀರಬೀ ಎರಡೂ ಕೈ ಎತ್ತಿದಳು, ಒಂದನ್ನು ಇಳಿಸಿ ಎಂದು ಅಧಿಕಾರಿ ಹೇಳಬೇಕಾಯಿತು. ಎರಡು ಮತಗಳಿಂದ ದಾನಮ್ಮ ಗೆದ್ದಳು. ಅಷ್ಟೇ ಮತಗಳಿಂದ ವಜೀರಬೀ ಉಪಾಧ್ಯಕ್ಷೆಯಾದಳು. ಪಕ್ಷದ ಆಣತಿಯಂತೆ ತನಗೇ ಕೈ ಎತ್ತಿಕೊಂಡು ಸೋತ ಆರತಿ ಹೊರಗೆ ಬಂದವಳೇ ಅವಳನ್ನು ತಬ್ಬಿಕೊಂಡು ಕಿವಿಯಲ್ಲಿ, “ಅಕ್ಕಾ, ನನ್ನ ಪರೀಕ್ಷಿ ಉಳೀತು,” ಎಂದಳು.

ಮೊದಲ ಸಾಮಾನ್ಯ ಸಭೆಗೆ ಶಿವರಾಜಪ್ಪನೂ ಬಂದಿದ್ದ. ಹೊಸ ಧೋತರ, ಮೇಲೆ ಕಂಬಳಿ. ಅಧ್ಯಕ್ಷೆಯ ಗಂಡ ಎಂದು ಯಾರೋ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ದಾನಮ್ಮ ವೇದಿಕೆಯ ಮೇಲಿಂದ ಅವನ ಹೆಸರು ಹಿಡಿಯದೆಯೇ ಹೇಳಿದಳು, “ನಮ್ಮ ಮನಿಯವ್ರು ಮೊದಲ ಹೊರಗ ಹೋಗಿ ಕೂಡ್ರಿ. ಉಳದವ್ರು ಅವ್ರ ಹಿಂದ ಹೋಗ್ರಿ. ಹೊರಗ ಚಹಾ, ಚೂಡಾ ಇಡ್ಸೀನಿ.”

ಶಿವರಾಜಪ್ಪನಷ್ಟು ಖುಷಿಯಿಂದ ಯಾವ ಗಂಡಸೂ ಆ ಸಭಾಂಗಣ ಬಿಟ್ಟಿರಲಿಕ್ಕಿಲ್ಲ. ಅವನು ಎದ್ದ ಮೇಲೆ ಉಳಿದವರಿಗೆ ಕೂತಿರಲು ನಾಚಿಕೆಯಾಯಿತು. ಒಬ್ಬಿಬ್ಬರು ಗೊಣಗಿದರು. ಬಾಗಿಲಲ್ಲಿ ನಿಂತಿದ್ದ ವಜೀರಬೀ, “ಏನ್ರಿ, ನಿಮಗ ಯಾವ ಊರಿನವ್ರು ಓಟ್ ಹಾಕ್ಯಾರ?” ಎಂದು ಕೇಳಿದ ಮೇಲೆ ಅವರೂ ಹೊರಬಿದ್ದರು.

ಒಳಗೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧಿಕಾರಿಗಳು ಕಾಗದ ಸರಿಸಿದರು. ದಾನಮ್ಮನಿಗೆ, ಇದೇನು ಮಾಡಿಬಿಟ್ಟೆ ಎಂದು ಅನ್ನಿಸಿತು. ಆಗ ಹಿಂದಿನ ಸಾಲಿನಲ್ಲಿದ್ದ, ಅಲ್ಲಿಯವರೆಗೆ ಬಾಯೇ ತೆರೆಯದಿದ್ದ ಒಬ್ಬ ಸದಸ್ಯೆ ಸಣ್ಣ ದನಿಯಲ್ಲಿ, “ನಮ್ಮ ಊರ ಅಂಗನವಾಡಿಗಿ ಚಾವಣಿ ಸೋರ್ತದ್ರಿ,” ಎಂದಳು. “ನಮ್ಮದೂ ಸೋರ್ತದ,” ಎಂದಳು ಇನ್ನೊಬ್ಬಳು. ಮೂರನೆಯವಳು ಎದ್ದೇ ನಿಂತಳು. ಸಭೆ ಮುಗಿಯುವ ಹೊತ್ತಿಗೆ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು, ಅಧ್ಯಕ್ಷೆ ಮೇಜು ಬಡಿದು ಬಡಿದು ಸಾಕಾಗಿದ್ದಳು. ಗಂಡಸು ಸದಸ್ಯರೂ ತಮ್ಮ ಸರದಿಗಾಗಿ ಕೈ ಎತ್ತಿ ಕಾಯುತ್ತಿದ್ದರು.

ಹಾಸ್ಟೆಲ್ಲು ಅಷ್ಟು ಬೇಗ ಆಗಲಿಲ್ಲ. ಮಾತು ಕೊಟ್ಟಿದ್ದ ದಿಲೀಪರಾವರು ಗೆದ್ದ ಮೇಲೆ, ಮೊದಲು ರಸ್ತೆ, ಆಮೇಲೆ ಹಾಸ್ಟೆಲ್ಲು ಎನ್ನತೊಡಗಿದರು. ಕಡತ ಬೆಂಗಳೂರಿಗೆ ಹೋಗಿ ವಾಪಸು ಬಂತು, ಕುರಿಗಾರರ ಮಕ್ಕಳೆಂದರೆ ಯಾರು, ಎಷ್ಟು ಮಂದಿ ಎಂಬ ಪ್ರಶ್ನೆಯೊಂದಿಗೆ. ದಾನಮ್ಮ ಮತ್ತು ಮಚ್ಛೇಂದ್ರ ಹೊಲಹೊಲ ತಿರುಗಿ ಹಿಂಡುಗಳ ಜೊತೆಗಿದ್ದ ಮಕ್ಕಳನ್ನು ಗುರುತು ಹಾಕಿದರು. ಎಲ್ಲ ಮುಗಿದು ಒಪ್ಪಿಗೆ ಬಂದಾಗ ಭಾಲ್ಕಿಯಲ್ಲಿ ಕಟ್ಟಡ ಸಿಗಲಿಲ್ಲ.

ಒಂದು ದಿನ ಸಭೆಯಲ್ಲಿ ಆ ವಿಷಯ ಬಂದಾಗ ದತ್ತಾತ್ರಿ ಸಾವಕಾರರ ಪಕ್ಷದ ಸಾಲಿನಿಂದ ಆರತಿ ಎದ್ದಳು. ಬಿ.ಎಡ್. ಮುಗಿಸಿದ್ದಳು, ದನಿಯೂ ಬದಲಾಗಿತ್ತು. “ನಮ್ಮ ಭಾವನವ್ರ ಹಳೇ ಗೋದಾಮು ಮಾರ್ಕೆಟಿನ ಹಿಂದ ಖಾಲಿ ಬಿದ್ದದ್ರಿ. ನಾ ಕೇಳಿ ನೋಡ್ತೇನಿ.” ಅವಳು ಕೇಳುವ ಮೊದಲು ದಾನಮ್ಮನೇ ಅಂಗಡಿಗೆ ಹೋದಳು. ಆ ಚುನಾವಣೆಯ ನಂತರ ಸಾವಕಾರರು ಅವಳ ಜೊತೆ ಮಾತು ಬಿಟ್ಟಿದ್ದರು.

ಸಾವಕಾರರು ಗಲ್ಲಾಪೆಟ್ಟಿಗೆಯ ಪಕ್ಕದಿಂದ ಏಳಲಿಲ್ಲ. ಬಹಳ ಹೊತ್ತು ತೊಗರಿಯ ಕಾಳು ಅಂಗೈಯಲ್ಲಿ ಹೊರಳಿಸುತ್ತ ಕುಳಿತರು. ಕೊನೆಗೆ, “ಅಕ್ಕೋರೆ, ನೀವು ಮಾಡಿದ್ದು ನನ್ನ ಮನಸ್ಸಿಗಿ ಭಾಳ ಹತ್ತೇದ. ನನ್ನ ತೋಟದಾಗ ಕುಂತು, ನನ್ನ ಹೋಳಿಗಿ ತಿಂದು!” ಎಂದರು.

“ಹೋಳಿಗಿ ಭಾಳ ಚಲೋ ಇತ್ತುರಿ ಅಣ್ಣಾ,” ಎಂದಳು ದಾನಮ್ಮ. “ನಾ ಮೊದಲ ನಿಮಗೇ ಕೇಳಿದ್ದೆ. ನೀವು ನಕ್ರಿ.”

ಅವರು ತಲೆಯೆತ್ತಿ ನೋಡಿದರು. ಮುಖ ಸಡಿಲಾಯಿತು. “ನಕ್ಕಿದ್ದು ಖರೆ,” ಎಂದು ಒಳಗೆ ಕೂಗಿ ಎರಡು ಚಹಾ ತರಿಸಿದರು. ಗೋದಾಮಿನ ಕೀಲಿ ಮರುವಾರ ಬಂತು.

ಹಾಸ್ಟೆಲ್ಲು ತೆರೆದ ದಿನ ಹಿಂಡು ಬಿಟ್ಟು ಬಂದ ತಾಯಂದಿರು ಅಂಗಳದಲ್ಲಿ ಬಹಳ ಅತ್ತರು, ಮಕ್ಕಳು ಅಳಲಿಲ್ಲ. ಮಂಚ ಎಂಬ ವಸ್ತುವಿನ ಮೇಲೆ ಕುಣಿದು ಒಂದನ್ನು ಮುರಿದರು. ಔರಾದದಲ್ಲಿ ಇನ್ನೊಂದು ಹಾಸ್ಟೆಲ್ಲು ಆಗಬೇಕೆಂಬ ಆಸೆ ಮಾತ್ರ ಅವಧಿಯೊಳಗೆ ಈಡೇರಲಿಲ್ಲ. ವಜೀರಬೀ ಅದಕ್ಕಾಗಿ ದಾನಮ್ಮನನ್ನು ಎರಡು ತಿಂಗಳು ಬೈದಳು, ಕೊಟ್ಟ ಮಾತಿನಂತೆ.

ಆಮೇಲೆ ವಿಧಾನಸಭೆ ಚುನಾವಣೆ ಬಂತು. ಈ ಸಲ ದಾನಮ್ಮ ಟಿಕೆಟ್ ಕೇಳಲು ಯಾರ ಮನೆಗೂ ಹೋಗಲಿಲ್ಲ. ಪಕ್ಷೇತರಳಾಗಿ ನಿಂತಳು, ಸೋತಳು. ಸೋತ ಮರುದಿನ ಅತ್ತಳು. ಅದರ ಮರುದಿನ ಬೀದರಕ್ಕೆ ಹೋಗಿ ಗೆದ್ದವರಿಗೆ ಹಾರ ಹಾಕಿ, ತನಗೆ ಓಟು ಹಾಕಿದ ಊರುಗಳ ಕೆಲಸ ಮರೆಯಬೇಡಿ ಎಂದು ಅವರ ಕೈಹಿಡಿದು ಹೇಳಿ ಬಂದಳು. ಮುಂದಿನ ಐದು ವರ್ಷ ಅವಳು ಬಿಡದೆ ಊರೂರು ತಿರುಗಿದಳು. ಯಾರ ಮನೆಯಲ್ಲಿ ಬಾಣಂತನ, ಯಾವ ಶಾಲೆಗೆ ಮೇಷ್ಟ್ರಿಲ್ಲ, ಎಲ್ಲ ಅವಳಿಗೆ ಗೊತ್ತಿರುತ್ತಿತ್ತು. ಎರಡನೆಯ ಸಲ ಎರಡೂ ಪಕ್ಷದವರು ಟಿಕೆಟ್ ಹಿಡಿದು ಸಾಯಗಾಂವಕ್ಕೆ ಬಂದರು. ಅವಳು ಇಬ್ಬರಿಗೂ ಚಹಾ ಕೊಟ್ಟು ಕಳಿಸಿದಳು. ಪಕ್ಷೇತರಳಾಗಿಯೇ ಗೆದ್ದಳು.

ಮೊದಲ ಅಧಿವೇಶನ ಮುಗಿಸಿ ಅವಳು ಬೆಂಗಳೂರಿನಿಂದ ಬಂದು ಭಾಲ್ಕಿ ಸ್ಟೇಷನ್ನಿನಲ್ಲಿ ಇಳಿದಾಗ ಜನ ಸೇರಿದ್ದರು. ಎಲ್ಲರಿಗಿಂತ ಮುಂದೆ ವಜೀರಬೀ.

“ಅಲ್ಲಿ ಮಾತಾಡ್ದಿ ಏನು?”

“ಮಾತಾಡ್ದೆ ಆಪಾ. ಮೊದಲ ಬಾಯಿ ಒಣಗಿತ್ತು. ಸುರು ಆದ್ಮ್ಯಾಲ ಮುಗೀಲೇ ಇಲ್ಲ. ಟೈಮ್ ಆಯ್ತು ಅಂತ ಗಂಟಿ ಹೊಡದ್ರು. ನನ್ನ ಮಾತು ತಿಳೀತೇನ್ರಿ ಅಂತ ಕೇಳ್ದೆ. ಭಾಷಾ ಜರಾ ಕಷ್ಟ ಅದ ಅಂದ್ರು. ಹಾಂಗಿದ್ರ ಇನ್ನೊಮ್ಮಿ ಹೇಳ್ತೇನಿ ಅಂತ ಮತ್ತ ಸುರು ಮಾಡ್ದೆ.”

ವಜೀರಬೀ ಪ್ಲಾಟ್‌ಫಾರ್ಮಿನಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶಿವರಾಜಪ್ಪ ಹೆಂಡತಿಯ ಬ್ಯಾಗು ತಗೊಂಡು, ಬೆಳಗ್ಗೆ ಏನಾದರೂ ತಿಂದಿದ್ದೀಯಾ ಎಂದು ಮೆಲ್ಲಗೆ ಕೇಳಿದ. ಇಲ್ಲ ಎಂದು ಅವಳು ತಲೆಯಾಡಿಸುವಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಂಗಸು ಜನರನ್ನು ಸರಿಸಿಕೊಂಡು ಬಂದಳು. ಅವರ ಓಣಿಯಲ್ಲಿ ಕರೆಂಟಿನ ಕಂಬ ವಾಲಿದೆಯಂತೆ. ದಾನಮ್ಮ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತು, “ಯಾವ ಓಣಿ ತಂಗಿ? ಕೂಡು, ಸಾವಕಾಶ ಹೇಳು,” ಎಂದು ಅವಳಿಗೆ ಜಾಗ ಮಾಡಿಕೊಟ್ಟಳು.